ಕೂಲರ್ ಅಂದರೆ ಯಾವ ಕೂಲರ್

ಸೀಮಾ ಶಿರಗುಪ್ಪಿಗೆ ಸೊಸೆಯಾಗಿ ಬಂದ ದಿನ ಅವಳ ಅತ್ತೆ ಸೋನಾಬಾಯಿ ಆರತಿ ತಟ್ಟೆಯನ್ನು ಪಕ್ಕಕ್ಕಿಟ್ಟು, ಸೊಸೆಯ ಅಂಗೈ ತಿರುಗಿಸಿ ನೋಡಿ, ನೆರೆದ ಹೆಂಗಸರ ಎದುರಿಗೇ ಅಂದುಬಿಟ್ಟಳು: "ಇವು ಕಬ್ಬಿನ ಹೊಲದಾಗ ಒಣಾ ರವದಿ ಎಳಿಯು ಕೈ ಅಲ್ಲ ಬಿಡ್ರಿ." ಇದು ಬೈಗುಳವೋ ಹೊಗಳಿಕೆಯೋ ತಿಳಿಯದೆ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸೀಮಾಳ ಕಣ್ಣು ತುಂಬಿ ಬಂತು. ಆಮೇಲೆ ಸೋನಾಬಾಯಿ ಅವಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ, ಬೆಲ್ಲದ ಚಹಾ ಕೈಗಿಟ್ಟು, "ಚಿತ್ರ ತಗಿಯು ಕೈ ಅದಾವು, ಚಿತ್ರಾನ ತಗಿ. ನಾ ಅದೇನಿ" ಎಂದಳು.

ಆ ಸೋನಾಬಾಯಿಯ ಜೀವ ಹೋದದ್ದು ಇದೇ ಸೊಸೆಯ ಕಂಪ್ಯೂಟರ್ ಇದ್ದ ಕೋಣೆಯಲ್ಲಿ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಸಾವನ್ನು ಮುಚ್ಚಿಟ್ಟುಕೊಂಡು ಕಡೆಗೆ ತೆಗೆದು ತೋರಿಸಿ ಕೇಳುವವರನ್ನು ಬೆಚ್ಚಿಬೀಳಿಸುವ ಚಟ ಕೆಲವರಿಗಿರುತ್ತದೆ. ಅಂಥ ಕಥೆ ಕೇಳಿದರೆ ಮೈ ಉರಿಯುತ್ತದೆ. ಸೀಮಾಳಿಗೆ ಸೂಚನೆಗಳೇನು ಕಡಿಮೆ ಸಿಗಲಿಲ್ಲ. ಅವಳು ಬಾಯಿ ಬಿಟ್ಟಿದ್ದರೆ ಅತ್ತೆ ಉಳಿಯುತ್ತಿದ್ದಳೇ, ಇಲ್ಲವೇ? ಇಡೀ ಕಥೆ ಇರುವುದು ಅಷ್ಟರಲ್ಲೇ.

ಸೀಮಾಳ ತವರು ಇಚಲಕರಂಜಿ. ಗಡಿ ದಾಟಿದರೆ ದೂರವೇನಲ್ಲ. ಮಗ್ಗಗಳ ಖಟಖಟ ಕೇಳುತ್ತಲೇ ಬೆಳೆದವಳು, ಅದು ನಿಂತರೆ ನಿದ್ದೆ ಬಾರದಂಥವಳು. ಸೀರೆಯ ದಡಿ, ಸೆರಗು, ಹೂಬಳ್ಳಿಗಳನ್ನು ಕಂಪ್ಯೂಟರಿನಲ್ಲಿ ಬಿಡಿಸಿ ಮಗ್ಗದವರಿಗೆ ಕಳಿಸುವ ಕೆಲಸವನ್ನು ಅಲ್ಲಿಯೇ ಕಲಿತಿದ್ದಳು. ದಡಿ ಬಿಡಿಸುವುದು ಹಗುರದ ಕೆಲಸ. ಆದರೆ ಇನ್ನೂ ನೇಯದ ಸೀರೆಯನ್ನು ಉಟ್ಟುಕೊಂಡು ನಿಂತ ಹೆಣ್ಣು ಹೇಗೆ ಕಾಣುತ್ತಾಳೆ, ನೆರಿಗೆ ಎಲ್ಲಿ ಬೀಳುತ್ತದೆ, ಜರಿ ಎಲ್ಲಿ ಹೊಳೆಯುತ್ತದೆ ಅನ್ನುವುದನ್ನು ತೋರಿಸುವ ಚಿತ್ರ ಮಾಡಬೇಕೆಂದರೆ ಕಂಪ್ಯೂಟರಿಗೆ ಬೆವರು ಕಿತ್ತುಬರುತ್ತದೆ. ಒಂದು ಚಿತ್ರಕ್ಕೆ ಅರ್ಧ ದಿನ ಕೂತು ಲೆಕ್ಕ ಹಾಕುತ್ತದೆ ಆ ಯಂತ್ರ. ಇಂಥ ಚಿತ್ರ ಮಾಡುವುದರಲ್ಲಿ ಸೀಮಾಳ ಕೈ ಪಳಗಿತ್ತು. ಮದುವೆಯಾದ ಮೇಲೂ ಇಚಲಕರಂಜಿಯವರು ಅವಳನ್ನು ಬಿಡಲಿಲ್ಲ.

ಗಂಡ ಅಮೋಲನಿಗೆ ಕಾಗವಾಡದಲ್ಲಿ ದ್ರಾಕ್ಷಿಗೆ ಹೊಡೆಯುವ ಔಷಧದ ಅಂಗಡಿ. ಬೆಳಿಗ್ಗೆ ಹೋದರೆ ಸಂಜೆಗೆ ಮನೆ. ಹೆಂಡತಿಗೆ ಕಂಪ್ಯೂಟರ್ ಯಾಕೆ, ಮನೆಯಲ್ಲಿ ಕೆಲಸ ಕಡಿಮೆಯಾಗಿದೆಯೇ ಎಂದು ಬಂಧುಬಳಗದವರು ಮೂಗು ಮುರಿದಾಗ ಅಮೋಲ ತಲೆ ತಗ್ಗಿಸಿಕೊಂಡು ಕೂತಿದ್ದ. ಸೋನಾಬಾಯಿ ಮಾತ್ರ ಪಟ್ಟು ಹಿಡಿದಳು. ದೇವರ ಜಗಲಿಯ ಕೋಣೆಯಲ್ಲಿ ಜೋಳದ ಚೀಲ ಇಡುತ್ತಿದ್ದ ಮೂಲೆಯನ್ನು ತಾನೇ ಗುಡಿಸಿ, ಸಾರಿಸಿ, ಕಂಪ್ಯೂಟರಿಗೆ ಜಾಗ ಮಾಡಿಕೊಟ್ಟಳು. ಅಷ್ಟೇ ಅಲ್ಲ, ಹಳೆಯ ಸೀರೆಗಳನ್ನು ಸೇರಿಸಿ ಒಂದು ಸಣ್ಣ ಕೌದಿ ಹೊಲಿದು ಅದಕ್ಕೆ ಹೊದಿಸಿದಳು. ಕಾರ್ಖಾನೆಯ ಚಿಮಣಿಯಿಂದಲೂ ಸುಟ್ಟ ಕಬ್ಬಿನ ಹೊಲಗಳಿಂದಲೂ ಹಾರಿ ಬರುವ ಕರಿ ಬೂದಿ ಆ ಊರಿನಲ್ಲಿ ಯಾರ ಮನೆಯನ್ನೂ ಬಿಡುವುದಿಲ್ಲ. ಯಂತ್ರದೊಳಗೆ ಬೂದಿ ಹೋಗಬಾರದೆಂದು ಕೌದಿ. ಅದೇ ಕಾರಣಕ್ಕೆ ಕಿಟಕಿಯೂ ಬಂದ್. ಪ್ರೀತಿಯಿಂದ ಮಾಡಿದ್ದು. ಕೂಸಿಗೆ ಹೊದಿಸಿದ ಹಾಗೆ ಹೊದಿಸಿದರೆ ಯಂತ್ರ ಉಸಿರಾಡುವುದೆಲ್ಲಿಂದ?

ಇನ್ನು ಮಾವ ಬಾಪುಸಾಹೇಬರು. ಸಕ್ಕರೆ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದು ನಿವೃತ್ತರಾದವರು. ಬೆಂಕಿಯ ಬಾಯಿಗೆ ಎದುರು ನಿಂತೂ ನಿಂತು ಮುಂಗೈಯ ಕೂದಲು ಕರಗಿಹೋಗಿತ್ತು. ಅವರ ಮಟ್ಟಿಗೆ ಲೋಕದಲ್ಲಿ ನಂಬಬೇಕಾದದ್ದು ಒಂದೇ, ಗೇಜಿನ ಮುಳ್ಳು. ಮುಳ್ಳು ಕೆಂಪು ಗೆರೆಯಿಂದ ಕೆಳಗಿದ್ದರೆ ಎಲ್ಲ ಸರಿ, ಮೇಲೆ ಹೋದರೆ ಓಡು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಯಾರನ್ನೂ ಗದರುವವರಲ್ಲ. ಆದರೆ ಅವರು ಒಂದು ಮಾತು ಆಡಿದ ಮೇಲೆ ಆ ಮನೆಯಲ್ಲಿ ಇನ್ನೊಂದು ಮಾತು ಹುಟ್ಟುತ್ತಿರಲಿಲ್ಲ. ಹೆದರಿಕೆಯೇನಲ್ಲ, ರೂಢಿ. ಸೀಮಾಳಿಗೆ ಅವಳ ತಾಯಿ ಕಳಿಸುವಾಗಲೇ ಹೇಳಿ ಕಳಿಸಿದ್ದಳು, ಮಾವನ ಮಾತಿಗೆ ಹಿಂದಿರುಗಿ ಮಾತಾಡಬೇಡ, ಬೇಡವಾದದ್ದನ್ನು ಅತ್ತೆಯ ಕಿವಿಗೆ ಹಾಕು ಎಂದು. ಸೀಮಾ ಹಾಗೆಯೇ ನಡೆದುಕೊಂಡಳು, ಒಳ್ಳೆಯ ಸೊಸೆ ಅನ್ನಿಸಿಕೊಂಡಳು.

ಆ ವರ್ಷದ ಬೇಸಿಗೆ ಬಂತು. ಬಂತು ಅನ್ನುವುದಕ್ಕಿಂತ ಮೈಮೇಲೆ ಬಿತ್ತು ಅನ್ನಬೇಕು. ಬೆಳಿಗ್ಗೆ ಹತ್ತಕ್ಕೇ ಅಂಗಳದಲ್ಲಿ ಕಾಲಿಡಲಾಗದು. ದ್ರಾಕ್ಷಿ ಒಣಗಿಸಿ ಮಣೂಕ ಮಾಡುವವರಿಗೆ ಖುಷಿ, ಉಳಿದವರೆಲ್ಲ ಒಣಗಿ ಹೋದರು. ಮುಂದಿನ ಮದುವೆ ಕಾಲಕ್ಕೆ ಹೊಸ ಸೀರೆಗಳ ಚಿತ್ರ ಬೇಕೆಂದು ಇಚಲಕರಂಜಿಯವರು ಅವಸರ ಮಾಡುತ್ತಿದ್ದರು. ಕಂಪ್ಯೂಟರ್ ಕೆಲಸದ ನಡುವೆ ಒಮ್ಮೆಲೆ ತಟಕ್ಕನೆ ಬಂದ್ ಆಯಿತು. ಸ್ವಲ್ಪ ಹೊತ್ತು ಬಿಟ್ಟು ಶುರು ಮಾಡಿದರೆ ಶುರುವಾಯಿತು, ಮತ್ತೆ ಬಂದ್ ಆಯಿತು. ಒಳಗಿನಿಂದ ಟ್ರ್ಯಾಕ್ಟರ್ ಏರು ಹತ್ತುವಂಥ ಗೊರಗೊರ ಸದ್ದು. ಅರ್ಧ ದಿನದ ಲೆಕ್ಕವೆಲ್ಲ ನೀರಿಗೆ ಹೋಯಿತು. ಸೀಮಾ ಅಳುವುದೊಂದು ಬಾಕಿ.

ಸೋನಾಬಾಯಿ ಡಬ್ಬಿಯ ಮೇಲೆ ಕೈಯಿಟ್ಟು ನೋಡಿದಳು. "ಉಷ್ಣ ಆಗೇತಿ ಇದಕ್ಕ. ಮಜ್ಜಿಗಿ ಕುಡಸಾಕ ಬರಂಗಿದ್ರ ಕುಡಸತಿದ್ದೆ" ಎಂದಳು. ಸೀಮಾ ಅಳು ಮರೆತು ನಕ್ಕಳು.

ಚಿಕ್ಕೋಡಿಯಲ್ಲಿ ಸುರಜ ಅನ್ನುವವನದೊಂದು ಕಂಪ್ಯೂಟರ್ ರಿಪೇರಿ ಅಂಗಡಿ. ಯಂತ್ರ ಕೊಟ್ಟವನೂ ಅವನೇ. ಸೀಮಾ ಅವನಿಗೆ ಫೋನ್ ಮಾಡಿದಳು. ಮೊದಲು ಆ ಕೌದಿ ತೆಗೆಯಿರಿ ವೈನಿ ಎಂದ ಅವನು. ಆಮೇಲೆ ಪರದೆಯ ಮೂಲೆಯಲ್ಲಿ ಒಳಗಿನ ಕಾವನ್ನು ಅಂಕಿಯಲ್ಲಿ ತೋರಿಸುವ ಒಂದು ಸಣ್ಣ ಕಿಟಕಿ ತೆರೆಯುವುದು ಹೇಗೆಂದು ಹೇಳಿಕೊಟ್ಟ. ಸುಮ್ಮನಿದ್ದಾಗ ನಲವತ್ತು ಐವತ್ತು ಇರಬೇಕು. ದುಡಿಯುವಾಗ ಎಪ್ಪತ್ತು, ಹೆಚ್ಚೆಂದರೆ ಎಂಬತ್ತು. ತೊಂಬತ್ತು ದಾಟಿದರೆ ಅಪಾಯ. ನೂರರ ಹತ್ತಿರ ಹೋದರೆ ತಾನು ಸುಟ್ಟುಹೋಗಬಾರದೆಂದು ಯಂತ್ರವೇ ಬಂದ್ ಮಾಡಿಕೊಳ್ಳುತ್ತದೆ. ಸೀಮಾ ತೆರೆದು ನೋಡಿದರೆ ಅಂಕಿ ತೊಂಬತ್ತೈದರಲ್ಲಿ ಕುಣಿಯುತ್ತಿತ್ತು. ಅದನ್ನು ಅವನಿಗೆ ತಿಳಿಸಿದಳು. ಯೋಚನೆ ಮಾಡಿ ಹೇಳುತ್ತೇನೆ ಎಂದ.

ಅವನು ತಿರುಗಿ ಫೋನ್ ಮಾಡಿದಾಗ ಸೀಮಾ ಸ್ನಾನದ ಮನೆಯಲ್ಲಿದ್ದಳು. ಫೋನ್ ಎತ್ತಿದ್ದು ಬಾಪುಸಾಹೇಬರು.

"ಕಾಕಾ, ಕೂಲರ್ ಹೋಗೇತ್ರಿ. ಹೊಸಾ ಕೂಲರ್ ಹಾಕಿಬಿಟ್ರ ಎಲ್ಲಾ ಬರೋಬರಿ ಆಗತೈತಿ. ವೈನಿಗೆ ಹೇಳ್ರಿ."

"ದೊಡ್ಡದ ಬೇಕೇನಪಾ?"

"ಚೊಲೋದ ಇರ್ಲಿ ಕಾಕಾ, ಬ್ಯಾಸಿಗಿ ಐತಿ" ಎಂದ ಸುರಜ. ಫೋನ್ ಇಟ್ಟ.

ಸುರಜ ಹೇಳಿದ ಕೂಲರ್ ಅಂಗೈಯಗಲದ್ದು. ಕಂಪ್ಯೂಟರಿನ ಹೊಟ್ಟೆಯೊಳಗೆ, ಲೆಕ್ಕ ಮಾಡುವ ತುಣುಕಿನ ನೆತ್ತಿಯ ಮೇಲೆ ಕೂತು ಅದರ ಕಾವನ್ನು ಎಳೆದು ಹೊರಹಾಕುವ ತಗಡಿನ ಗರಿಗಳು, ಅದರ ಮೇಲೊಂದು ಪುಟ್ಟ ಫ್ಯಾನ್. ಆದರೆ ಶಿರಗುಪ್ಪಿಯಲ್ಲಾಗಲಿ ರಾಯಬಾಗದಲ್ಲಾಗಲಿ ಕೂಲರ್ ಎಂದರೆ ಒಂದೇ: ಕಬ್ಬಿಣದ ದೊಡ್ಡ ಪೆಟ್ಟಿಗೆ, ಮೂರು ಕಡೆ ಹುಲ್ಲಿನ ತಟ್ಟಿ, ಕೆಳಗೆ ನೀರು, ಮುಂದೆ ರೊಂಯ್ಯನೆ ತಿರುಗುವ ಫ್ಯಾನ್. ಬಾಪುಸಾಹೇಬರಿಗೆ ಸಂಶಯ ಬರುವುದಾದರೂ ಹೇಗೆ? ಮರುದಿನವೇ ರಾಯಬಾಗಕ್ಕೆ ಹೋಗಿ, ಮದುವೆ ನಡೆಸುವ ಯಾವುದೋ ಮಂಗಲ ಕಾರ್ಯಾಲಯದವರು ಮಾರಲಿಟ್ಟಿದ್ದ ಹಳೆಯ ಕೂಲರ್ ಒಂದನ್ನು ಕೊಂಡು ಟ್ರ್ಯಾಕ್ಟರಿನಲ್ಲಿ ಹೇರಿಸಿಕೊಂಡು ಬಂದರು. ದಾರಿಯುದ್ದಕ್ಕೂ ಸಿಕ್ಕವರಿಗೆಲ್ಲ ಹೇಳುತ್ತ ಬಂದರು. "ಸೊಸಿ ಕಂಪ್ಯೂಟರಿಗೆ ಕೂಲರ್ ತಂದೇನಿ. ಬಾಯ್ಲರ್ ಇದ್ದಂಗ ಅದು. ಕಾವು ತಡಿಯಂಗಿಲ್ಲ."

ಸೀಮಾ ಸಂತೆಯಿಂದ ಬರುವಷ್ಟರಲ್ಲಿ ಕೂಲರ್ ಕೋಣೆಯಲ್ಲಿ ಕೂತಾಗಿತ್ತು. ಅದಕ್ಕೆ ಅರಿಷಿಣ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದಿದ್ದರು. ಪಕ್ಕದ ಮನೆಯ ಭೀಮಸಿ ಬಂದು ಗಾಳಿಗೆ ಎದೆಯೊಡ್ಡಿ ನಿಂತಿದ್ದ. ಅದರ ಬಾಯಿ ಸೀದಾ ಕಂಪ್ಯೂಟರಿನ ಕಡೆಗೆ. ಸೀಮಾ ಹೊಸ್ತಿಲಲ್ಲೇ ನಿಂತಳು. ಸುರಜ ಫೋನಿನಲ್ಲಿ ಹೇಳಿದ್ದು ಯಂತ್ರದ ಒಳಗಿನ ಕೂಲರ್ ಎಂದು ನೋಡಿದ ಕೂಡಲೇ ತಿಳಿಯಿತು, ನಗು ಬಂತು.

ಬಾಪುಸಾಹೇಬರು ಅವಳನ್ನು ನೋಡಿ, "ಅಂವ ಹೇಳಿದ್ದು ಇದ ಹೌದಲ್ಲವಾ?" ಎಂದು ಕೇಳಿದರು.

ಅವರು ಕೇಳಿದ್ದರು, ನೆನಪಿರಲಿ. ಬೆವರಿನಲ್ಲಿ ತೊಯ್ದ ಅಂಗಿ, ಮುಖದ ತುಂಬ ಸಂಭ್ರಮ, ಎದುರಿಗೆ ಹೊರಗಿನವನಾದ ಭೀಮಸಿ. ಸೀಮಾ ಸೆರಗು ಸರಿಮಾಡಿಕೊಂಡು ಹೌದೆಂದು ತಲೆಯಾಡಿಸಿದಳು.

ಆದರೆ ಅಂಕಿ ಇಳಿಯಿತಲ್ಲ. ಅದೇ ಆದ ಅನಾಹುತ. ಆ ಸಂಜೆ ಚಿತ್ರ ಹಚ್ಚಿ ನೋಡಿದರೆ ತೊಂಬತ್ತೈದಿದ್ದದ್ದು ಎಂಬತ್ತಾರಕ್ಕೆ ಬಂದು ನಿಂತಿತ್ತು. ಕೋಣೆಯ ಗಾಳಿಯೇ ತಂಪಾದ ಮೇಲೆ ಯಂತ್ರದೊಳಗಿನ ಕಾವೂ ಅಷ್ಟು ಇಳಿಯಬೇಕಾದದ್ದೇ. ಬಾಪುಸಾಹೇಬರು ಕನ್ನಡಕ ಹಾಕಿಕೊಂಡು ಪರದೆಯ ಮೂಲೆಯ ಆ ಅಂಕಿಯನ್ನು ನೋಡಿದರು, ಗೇಜ್ ನೋಡಿದ ಹಾಗೆ. "ನೋಡಿದ್ಯಾ? ಇಳೀತ" ಎಂದರು. ಆಮೇಲೆ ಯಂತ್ರ ತಾನಾಗಿ ಬಂದ್ ಆಗಲಿಲ್ಲ. ಸೀಮಾಳ ಚಿತ್ರಗಳು ಹೊತ್ತಿಗೆ ಸರಿಯಾಗಿ ಹೋಗತೊಡಗಿದವು. ಸುಳ್ಳು ಕೂಲರ್ ನಿಜದ ಕೆಲಸ ಮಾಡುತ್ತಿದ್ದರೆ ಯಾರು ತಾನೇ ಬಾಯಿ ಬಿಡುತ್ತಾರೆ?

ಅತ್ತೆಗೆ ಮಾತ್ರ ಸೀಮಾ ಹೇಳಿದಳು. ಇಬ್ಬರೂ ಹಿತ್ತಿಲಲ್ಲಿ ಶೇಂಗಾ ಸುಲಿಯುತ್ತ ಕೂತಿದ್ದರು. ಸುರಜ ಹೇಳಿದ್ದು ಇಷ್ಟಗಲದ್ದು ಎಂದು ಅಂಗೈ ತೋರಿಸಿದಳು. ಸೋನಾಬಾಯಿ ಆ ಅಂಗೈಯನ್ನು ನೋಡಿದಳು, ಒಳಗೆ ಗುಡುಗುಡು ಅನ್ನುತ್ತಿದ್ದ ಕಬ್ಬಿಣದ ಪೆಟ್ಟಿಗೆಯ ಕಡೆಗೆ ನೋಡಿದಳು, ಬಾಯಿಗೆ ಸೆರಗು ಹಿಡಿದು ನಗತೊಡಗಿದಳು. ನಕ್ಕೂ ನಕ್ಕು ಕಣ್ಣಲ್ಲಿ ನೀರು.

"ಹೇಳಬ್ಯಾಡ ಬೇ ಅವರಿಗೆ. ಊರ ತುಂಬ ಹೇಳ್ಕೊಂಡ ಬಂದಾರ. ಮಾರಿ ಸಣ್ಣದ ಮಾಡ್ಕೊಂಡ ಕುಂದರತಾರ."

"ಅತ್ತಿ, ಅದನ್ನೂ ತರಸಬೇಕ್ರಿ. ಗಪ್‌ಚುಪ್ ಸುರಜಗ ಹೇಳತೇನಿ."

"ಹೇಳ. ಒಳಗಿಂದೊಳಗ ಹಾಕಿಸಿಬಿಡು. ಇವರ ಕೂಲರ್ ಇವರದ, ನಿನ್ನ ಕೂಲರ್ ನಿಂದ."

ಸೀಮಾ ಸುರಜನಿಗೆ ಹೇಳಿದಳು. ಕೊಲ್ಹಾಪುರದಿಂದ ತರಿಸಿ ತಾನೇ ಬಂದು ಹಾಕಿಕೊಡುತ್ತೇನೆ ಎಂದ. ಇವತ್ತು ಬಂತು, ನಾಳೆ ಬಂತು ಎಂದು ದಿನ ತಳ್ಳಿದ. ಮದುವೆ ಕಾಲ, ಅವನಿಗೂ ಎಲ್ಲೆಲ್ಲೋ ಕೆಲಸ. ಸೀಮಾಳಿಗೂ ಅವಸರವೇನೂ ಕಾಣಲಿಲ್ಲ. ಅಂಕಿ ಎಂಬತ್ತೈದರ ಆಸುಪಾಸಿನಲ್ಲೇ ಇತ್ತಲ್ಲ.

ಕಾವಿಗೆ ಅಂಕಿ ಇತ್ತು. ಹಸಿಗೆ ಅಂಕಿ ಇರಲಿಲ್ಲ. ಕಿಟಕಿ ಬಂದ್ ಇದ್ದ ಆ ಕೋಣೆಯಲ್ಲಿ ಹಗಲೆಲ್ಲ ನೀರಿನ ಗಾಳಿ ಸುತ್ತುತ್ತಿತ್ತು. ದೇವರ ಜಗಲಿಯ ಮೇಲಿನ ಕಡ್ಡಿಪೆಟ್ಟಿಗೆ ಮೆತ್ತಗಾಗಿ ಕಡ್ಡಿ ಹೊತ್ತದಾಯಿತು. ಭಂಡಾರದ ಅರಿಷಿಣ ಗಂಟುಕಟ್ಟಿತು. ಕಂಪ್ಯೂಟರಿನ ಸ್ಕ್ರೂಗಳ ಮೇಲೆ ಕೆಂಪು ತುಕ್ಕು ಕಂಡಿತು. ಕೂಲರಿನ ಒಂದು ಮೂಲೆಯಿಂದ ನೀರು ಸೋರಿ, ಕಡಪಾ ಕಲ್ಲಿನ ನೆಲದ ಮೇಲೆ ತೆಳ್ಳಗೆ ಹರಡಿಕೊಂಡಿರುತ್ತಿತ್ತು. ಸೋನಾಬಾಯಿ ಒರೆಸುತ್ತಿದ್ದಳು, ಅದು ಮತ್ತೆ ಹರಡುತ್ತಿತ್ತು. ಅವಳು ಗೊಣಗಲಿಲ್ಲ. ಕೂಲರಿಗೆ ನೀರು ತುಂಬುವ ಕೆಲಸವನ್ನೂ ಅವಳೇ ಹಚ್ಚಿಕೊಂಡಿದ್ದಳು. ಚಿತ್ರದ ಮುಂದೆ ಕೂತ ಸೊಸೆ ಏಳಬಾರದು, ಅಷ್ಟೇ ಅವಳ ಕಾಳಜಿ.

ಒಂದು ದಿನ ಸೀಮಾ ಕೂಲರಿನ ಫ್ಯಾನ್ ಜೋರು ಮಾಡಲು ಕೈಯಿಟ್ಟಳು. ಮೊಣಕೈತನಕ ಜುಮ್ಮೆಂದಿತು. ಕೈ ಕಿತ್ತುಕೊಂಡು ನಿಂತಳು. ಆಮೇಲೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಕಂಪ್ಯೂಟರಿನ ಕಬ್ಬಿಣದ ಡಬ್ಬಿಯೂ ಮೊದಲಿನಿಂದ ಬೆರಳಿಗೆ ಚುರುಕು ಮುಟ್ಟಿಸುತ್ತಲೇ ಇತ್ತು. ಮನೆಗೆ ಅರ್ಥಿಂಗ್ ಸರಿ ಇಲ್ಲ ವೈನಿ, ಮಾಡಿಸಿಕೊಳ್ಳಿ ಎಂದು ಸುರಜ ಯಾವಾಗಲೋ ಹೇಳಿದ್ದ. ಇಷ್ಟು ಕರೆಂಟ್ ಯಾರನ್ನೂ ಕೊಲ್ಲುವುದಿಲ್ಲ ಬಿಡಿ ಎಂದೂ ಸೇರಿಸಿದ್ದ. ಚುರುಕು ಮುಟ್ಟುವುದು ಆ ಕೋಣೆಯಲ್ಲಿ ಎಲ್ಲರಿಗೂ ರೂಢಿಯಾಗಿಹೋಗಿತ್ತು. ಇದೂ ಅದರ ತಮ್ಮನೇ ಇರಬೇಕು ಅಂದುಕೊಂಡಳು. ಆದರೆ ಇದು ಅದಕ್ಕಿಂತ ಜೋರಾಗಿತ್ತು, ಅದು ಅವಳ ಕೈಗೆ ಗೊತ್ತಿತ್ತು.

ಊಟಕ್ಕೆ ಬಡಿಸುವಾಗ ಅತ್ತೆಯ ಕಿವಿಗೆ ಹಾಕಿದಳು. ಸೋನಾಬಾಯಿ ಅದನ್ನು ಗಂಡನಿಗೆ ದಾಟಿಸಿದಳು. ಬಾಪುಸಾಹೇಬರು ರೊಟ್ಟಿ ಮುರಿಯುತ್ತ ಯೋಚನೆ ಮಾಡಿದರು. ಅವರಿಗೆ ಉಗಿಯ ಮಾತು ಗೊತ್ತು, ಕರೆಂಟಿನ ಮಾತು ಗೊತ್ತಿಲ್ಲ. ಕಾರ್ಖಾನೆಯಲ್ಲಿ ಅದಕ್ಕೆ ಬೇರೆ ಜನ ಇದ್ದರು. ಆದರೂ ಮನೆಯ ಹಿರಿಯರು ಸುಮ್ಮನಿರಲಾದೀತೆ?

"ಚಪ್ಪಲಿ ಹಾಕ್ಕೊಂಡ ಮುಟ್ರಿ. ನಮ್ಮ ಫ್ಯಾಕ್ಟರ್ಯಾಗ ಹಂಗ ಇತ್ತು. ರಬ್ಬರ್ ಚಪ್ಪಲಿ ಇದ್ರ ಏನೂ ಆಗಂಗಿಲ್ಲ."

ಮಾತು ಮುಗಿಯಿತು. ಅಮೋಲ ತಲೆಯಾಡಿಸಿದ. ಸೀಮಾಳೂ ತಲೆಯಾಡಿಸಿದಳು. ಅದರ ಕರೆಂಟನ್ನೇ ಕಿತ್ತು ಹೊರಗಿಡೋಣ, ಒಳಗಿನ ಕೂಲರ್ ಬರುವತನಕ ಕೆಲಸ ನಿಲ್ಲಿಸುತ್ತೇನೆ ಎಂದು ಹೇಳಬೇಕೆಂದುಕೊಂಡಳು. ಅದನ್ನು ಹೇಳಿದರೆ ಒಳಗಿನ ಕೂಲರ್ ಯಾವುದು ಅನ್ನುವುದನ್ನೂ ಹೇಳಬೇಕಾಗುತ್ತಿತ್ತು. ಮಾವನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. ಆ ದಿನ ಅವಳಿಗೆ ರೊಟ್ಟಿ ರುಚಿಸಲಿಲ್ಲ.

ಅಂದಿನಿಂದ ಸೀಮಾ ಆ ಕೋಣೆಯಲ್ಲಿ ಹವಾಯಿ ಚಪ್ಪಲಿ ಹಾಕಿಕೊಂಡೇ ಕೂತಳು. ಸೋನಾಬಾಯಿ ಮಾತ್ರ ಗಂಡನಿಗೆ ಎದುರಾಡಲೂ ಇಲ್ಲ, ಗಂಡ ಹೇಳಿದ್ದನ್ನು ಮಾಡಲೂ ಇಲ್ಲ. ಅದು ದೇವರ ಕೋಣೆ. ಮನೆದೇವರು ಮಂಗಸೂಳಿ ಮಲ್ಲಯ್ಯನ ಫೋಟೋ, ತಾಮ್ರದ ತಂಬಿಗೆ, ಭಂಡಾರದ ಡಬ್ಬಿ ಎಲ್ಲ ಕೂತ ಜಾಗ. ಹುಟ್ಟಿದಾಗಿನಿಂದ ಜಗಲಿಯ ಮುಂದೆ ಚಪ್ಪಲಿ ಮೆಟ್ಟದವಳು ಈಗ ಮೆಟ್ಟುತ್ತಾಳೆಯೇ?

"ಅತ್ತಿ, ಚಪ್ಪಲಿ" ಎನ್ನುತ್ತಿದ್ದಳು ಸೀಮಾ, ಅತ್ತೆ ಕೊಡ ಹಿಡಿದು ಬಂದಾಗಲೆಲ್ಲ.

"ನೀ ಹಾಕ್ಕೊ ನಮ್ಮವ್ವಾ, ನೀ ಯಂತ್ರದ ಮುಂದ ಕುಂತಿರತಿ. ಮಲ್ಲಯ್ಯ ನಿನ್ನ ಮ್ಯಾಲೆ ಸಿಟ್ಟಾಗಂಗಿಲ್ಲ. ನಾ ಹಾಕ್ಕೊಂಡ್ರ ಇಳದ ಬಂದ ಕೇಳತಾನ, ಮುದಕಿ ಯಾವಾಗಿಂದ ಸಾಹೇಬ್ರಾದಿ ಅಂತ."

"ಬಂದ್ ಮಾಡಿ ನೀರ ಹಾಕ್ರಿ ಹಂಗಾರ."

"ಹೂಂ ಹೂಂ."

ಒಮ್ಮೆ ಬಂದ್ ಮಾಡುತ್ತಿದ್ದಳು, ಒಮ್ಮೆ ಮರೆಯುತ್ತಿದ್ದಳು. ಮರೆತ ದಿನವೂ ಏನೂ ಆಗುತ್ತಿರಲಿಲ್ಲ. ಕೊಡದಿಂದ ನೀರು ಹೊಯ್ದು, ಕೂಲರನ್ನು ಮುಟ್ಟದೆ ಹಿಂದೆ ಸರಿಯುತ್ತಿದ್ದಳು. ಏನೂ ಆಗದ ದಿನಗಳು ಮನುಷ್ಯನ ತಲೆ ಕೆಡಿಸುವಷ್ಟು ಬೇರೆ ಯಾವುದೂ ಕೆಡಿಸುವುದಿಲ್ಲ. ಅತ್ತೆ ಹೊಸ್ತಿಲು ದಾಟುವತನಕ ಸೀಮಾ ನೋಡುತ್ತಿದ್ದಳು, ಆಮೇಲೆ ಚಿತ್ರದ ಕಡೆ ತಿರುಗುತ್ತಿದ್ದಳು.

ಸುರಜ ರವಿವಾರದ ಮರುದಿನ ಖಂಡಿತ ಬರುತ್ತೇನೆಂದು ಫೋನ್ ಮಾಡಿದ. ಸೀಮಾಳಿಗೆ ದೊಡ್ಡ ಭಾರ ಇಳಿದಂತಾಯಿತು. ಸೋಮವಾರ ಅದನ್ನು ಹಾಕಿಸಿಬಿಟ್ಟರೆ, ಈ ಕಬ್ಬಿಣದ ಭೂತವನ್ನು ಪಡಸಾಲೆಗೆ ಸಾಗಿಸಿ ಮಾವನ ಹಾಸಿಗೆಗೆ ಗಾಳಿ ಮಾಡಬಹುದು, ಅದಕ್ಕೆ ಮೊದಲು ವೈರಿಂಗ್‌ನವನನ್ನು ಕರೆಸಿ ನೋಡಿಸಬಹುದು ಎಂದೆಲ್ಲ ಲೆಕ್ಕ ಹಾಕಿದಳು. ಒಂದೇ ದಿನದ ಮಾತು.

ರವಿವಾರ ಮಲ್ಲಯ್ಯನ ವಾರ. ಸೋನಾಬಾಯಿ ತಲೆಗೆ ಸ್ನಾನ ಮಾಡಿ, ಹಣೆಗೆ ಭಂಡಾರ ಬಳಿದುಕೊಂಡಿದ್ದಳು. ಗಂಡ ಹೆಂಡತಿ ಇಬ್ಬರೂ ಮಂಗಸೂಳಿಗೆ ಹೊರಡುವವರಿದ್ದರು. ಬಾಪುಸಾಹೇಬರು ಅಂಗಳದಲ್ಲಿ ಗಾಡಿಯ ಸೀಟು ಒರೆಸುತ್ತಿದ್ದರು. ಅಮೋಲ ಹೊಲಕ್ಕೆ ಹೋಗಿದ್ದ. ಸೀಮಾ ಬೆಳಿಗ್ಗೆಯೇ ಕೊನೆಯ ಸೀರೆಯ ಚಿತ್ರವನ್ನು ಯಂತ್ರಕ್ಕೆ ಹಚ್ಚಿ, ನೈವೇದ್ಯಕ್ಕೆ ಹೂರಣ ರುಬ್ಬುತ್ತ ಅಡುಗೆಮನೆಯಲ್ಲಿದ್ದಳು. ನಡುವೆ ಒಮ್ಮೆ ಕೋಣೆಗೆ ಇಣುಕಿದಳು. ಕೂಲರಿನ ನೀರು ಮುಗಿದು ತಟ್ಟಿ ಒಣಗಿತ್ತು, ಬಿಸಿ ಗಾಳಿ ಬೀಸುತ್ತಿತ್ತು. ಪರದೆಯ ಮೂಲೆಯಲ್ಲಿ ಅಂಕಿ ಕೆಂಪಾಗಿತ್ತು. ಚಿತ್ರ ಮುಗಿಯಲು ಇನ್ನು ಸ್ವಲ್ಪವೇ ಬಾಕಿ.

ಅಡುಗೆಮನೆಗೆ ಓಡಿ ಬಂದು, ಹಿತ್ತಿಲಲ್ಲಿದ್ದ ಅತ್ತೆಗೆ ಹೂರಣದ ಕೈಯಲ್ಲೇ ಕೂಗಿದಳು. "ಅತ್ತಿ, ತೊಂಬತ್ತಮೂರ ಆಗೇತಿ. ನೀರ ಇಲ್ಲ ಅದರಾಗ."

ಸೋನಾಬಾಯಿ ಕೊಡ ತುಂಬಿಕೊಂಡು ಕೋಣೆಗೆ ಹೋದಳು. ಆಗ ಸೀಮಾಳಿಗೆ ನೆನಪಾಯಿತು, ಬಂದ್ ಮಾಡಿ ಹಾಕಿರಿ ಎಂದು ಹೇಳಲಿಲ್ಲವೆಂದು. ಬಾಯಿ ತೆರೆದಳು. ಆಗಲೇ ಒಳಗೆ ಕೊಡ ಬಿದ್ದ ಸದ್ದು ಕೇಳಿತು. ಹಿತ್ತಾಳೆಯ ಕೊಡ, ಕಡಪಾ ಕಲ್ಲಿನ ಮೇಲೆ. ಉರುಳುತ್ತ ಹೋಯಿತು. ಆಮೇಲೆ ಕೂಲರಿನ ಗುಡುಗುಡು ಬಿಟ್ಟರೆ ಬೇರೆ ಸದ್ದಿಲ್ಲ.

ಸೀಮಾ ಹೊಸ್ತಿಲಿಗೆ ಬಂದಾಗ ಅತ್ತೆ ಕೂಲರಿಗೆ ಒರಗಿ ನಿಂತಂತೆ ಕಂಡಳು. ಒಂದು ಕೈ ಅದರ ಅಂಚನ್ನು ಹಿಡಿದಿತ್ತು, ಬಿಟ್ಟಿರಲಿಲ್ಲ. ಒದ್ದೆ ಕೂದಲು, ಒದ್ದೆ ಸೀರೆಯಂಚು, ನೀರಿನಲ್ಲಿ ಬರಿಗಾಲು. ಕಣ್ಣು ತೆರೆದೇ ಇತ್ತು. ಸೀಮಾ ಮುಟ್ಟಲು ಕೈ ಚಾಚಿದಳು. ಹಿಂದಿನಿಂದ ಬಾಪುಸಾಹೇಬರು ಅವಳ ರಟ್ಟೆ ಹಿಡಿದು ಹೊರಗೆಳೆದು ಒಗೆದರು, ಪಡಸಾಲೆಗೆ ಹಾರಿ ಮೇನ್ ಸ್ವಿಚ್ ಕಿತ್ತರು. ಗುಡುಗುಡು ನಿಂತಿತು. ಸೋನಾಬಾಯಿ ಕುಸಿದಳು. ಪರದೆ ಕತ್ತಲಾಯಿತು, ಚಿತ್ರ ಮುಗಿದಿತ್ತೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ.

ಭೀಮಸಿಯ ಜೀಪಿನಲ್ಲಿ ಮಿರಜಿಗೆ ಒಯ್ದರು. ದಾರಿಯುದ್ದಕ್ಕೂ ಸೀಮಾ ಅತ್ತೆಯ ಅಂಗಾಲು ತಿಕ್ಕುತ್ತಲೇ ಇದ್ದಳು. ಡಾಕ್ಟರು ಮುಟ್ಟಿ ನೋಡಿ, ತಂದದ್ದು ತಡವಾಗಿದೆ ಎಂದರು. ತಡವಾಗಿತ್ತು, ನಿಜ. ಮನೆಯಲ್ಲೇ ಜೀವ ಹೋಗಿತ್ತು.

ಅಂತ್ಯಕ್ರಿಯೆ ಆಯಿತು. ಬಂದವರು ಅತ್ತರು, ಹಣೆಬರಹ ಎಂದರು, ರವಿವಾರದ ಸಾವು ಪುಣ್ಯದ ಸಾವು ಎಂದೂ ಯಾರೋ ಅಂದರು. ಸೀಮಾಳಿಗೆ ಅವರ ಬಾಯಿಗೆ ಬೂದಿ ಹಾಕಬೇಕೆನಿಸಿತು. ಬಾಪುಸಾಹೇಬರು ಪಡಸಾಲೆಯ ಕಂಬಕ್ಕೆ ಒರಗಿ ಕೂತವರು ಏಳಲಿಲ್ಲ. ಕೂಲರ್ ತಂದವನು ನಾನು, ನಾನೇ ಕೊಂದೆ ಎಂದು ಒಂದೇ ಮಾತು. ಅಮೋಲ ಸಮಾಧಾನ ಹೇಳಿದ, ಅವರ ಕಿವಿಗೆ ಬೀಳಲಿಲ್ಲ.

ಸೋಮವಾರ ಬರುತ್ತೇನೆಂದಿದ್ದ ಸುರಜ ಬಂದದ್ದು ಅದರ ಮುಂದಿನ ವಾರ. ಸುದ್ದಿ ಅವನಿಗೆ ತಿಳಿದಿರಲಿಲ್ಲ. ಮೋಟರ್‌ಸೈಕಲ್ ನಿಲ್ಲಿಸಿ ನಗುತ್ತಲೇ ಒಳಗೆ ಬಂದ. ಬಾಗಿಲ ಬಳಿ ಚಪ್ಪಲಿ ಬಿಡುವಾಗ ಪಡಸಾಲೆಯಲ್ಲಿ ಹಾಸಿದ ಜಮಖಾನೆ, ಎಲ್ಲರ ಮುಖ ನೋಡಿ ನಗು ಇಳಿಯಿತು. ಅಮೋಲ ಅವನಿಗೆ ಸಣ್ಣ ದನಿಯಲ್ಲಿ ಹೇಳಿದ. ಸುರಜ ಅಲ್ಲೇ ಕೂತುಬಿಟ್ಟ. ಅವನ ಕೈಯಲ್ಲಿದ್ದ ರಟ್ಟಿನ ಡಬ್ಬಿಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡ.

"ಏನಪಾ ಅದು?" ಎಂದರು ಬಾಪುಸಾಹೇಬರು.

"ಏನಿಲ್ರಿ ಕಾಕಾ."

"ಏನಂತ ಕೇಳಿದೆ."

ಸುರಜ ಸೀಮಾಳ ಕಡೆ ನೋಡಿದ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಸೀಮಾ ಕಣ್ಣು ತಗ್ಗಿಸಿದಳು. ಅವನು ಡಬ್ಬಿ ತೆರೆದು, ತಗಡಿನ ಗರಿಗಳ ಆ ಪುಟ್ಟ ವಸ್ತುವನ್ನು ತೆಗೆದು ಮುದುಕನ ಅಂಗೈಯಲ್ಲಿಟ್ಟ. "ಕೂಲರ್ ರಿ. ಕಂಪ್ಯೂಟರಿನ ಒಳಗ ಹಾಕೂದು. ಅವತ್ತ ಫೋನಿನ್ಯಾಗ ನಿಮಗ ಹೇಳಿದ್ದೆನಲ್ರಿ, ಇದು. ವೈನಿ ಮತ್ತ ಹೇಳಿದ್ರು, ಅದಕ್ಕ ತಂದೆ."

ಬಾಪುಸಾಹೇಬರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರ ಬೆರಳು ಅದರ ಪುಟ್ಟ ಫ್ಯಾನನ್ನು ತಿರುಗಿಸಿತು. ತಲೆಯೆತ್ತಿ ಸೊಸೆಯನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಸೀಮಾಳಿಗೆ ಅದೇ ತಡೆಯಲಾಗಲಿಲ್ಲ.

"ನಿನಗ ಗೊತ್ತಿತ್ತೇನವಾ?"

"ಗೊತ್ತಿತ್ರಿ."

"ಯಾವಾಗಿಂದ?"

"ನೀವ ಅದನ್ನ ತಂದ ದಿನದಿಂದ."

ಅಮೋಲ ಹೆಂಡತಿಯನ್ನು ಬೆರಗಾಗಿ ನೋಡಿದ. ಅತ್ತೆಯೂ ಹೇಳಬೇಡ ಎಂದಿದ್ದಳು ಅನ್ನುವ ಒಂದು ಮಾತು ಸೀಮಾಳ ಬಳಿ ಇತ್ತು. ಅದನ್ನು ಆಡಿದ್ದರೆ ಭಾರ ಅರ್ಧಕ್ಕಿಳಿಯುತ್ತಿತ್ತು. ಸತ್ತವಳ ಮೇಲೆ ಹಾಕಲು ಅವಳಿಗೆ ಮನಸ್ಸಾಗಲಿಲ್ಲ.

ಬಾಪುಸಾಹೇಬರು ಕೂಲರನ್ನು ಸುರಜನ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟು ಮುಚ್ಚಳ ಹಾಕಿದರು. ಆಮೇಲೆ, ಅಳುವ ಕೂಸನ್ನು ಸಮಾಧಾನ ಮಾಡುವ ದನಿಯಲ್ಲಿ, "ಇರ್ಲಿ ಬಿಡವಾ. ನೀ ಹೇಳಿದ್ರೂ ನಾ ಕೇಳತಿದ್ದಿಲ್ಲ" ಎಂದರು.

ಸೀಮಾ ಬಾಗಿಲಿನಿಂದ ಮುಂದೆ ಬಂದಳು. ತಲೆಯ ಮೇಲಿನ ಸೆರಗು ಜಾರಿತ್ತು, ಸರಿಮಾಡಿಕೊಳ್ಳಲಿಲ್ಲ. ಆ ಮನೆಗೆ ಬಂದ ಮೇಲೆ ಮಾವನ ಮಾತಿಗೆ ಅವಳು ಎದುರು ಹೇಳಿದ್ದು ಅದೇ ಮೊದಲು.

"ಇಲ್ರಿ ಮಾವಾರ" ಎಂದಳು. "ಹೇಳಿದ್ರ ಕೇಳತಿದ್ರಿ."